ಕೊಟ್ರಮ್ಮ ಬಿಡಿಸಿದ ಬಾವಿಯ ಲೆಕ್ಕ

ಆಗೆಲ್ಲ ನಮಗೆ ಭೌತಶಾಸ್ತ್ರದ ಲೆಕ್ಕ ಬಿಡಿಸುವುದೆಂದರೆ ಸೂತ್ರ ಹುಡುಕುವುದು, ಅಷ್ಟೇ. ಎಪ್ಪತ್ತರ ದಶಕದ ಕೊನೆ. ಜಗಳೂರಿನಲ್ಲಿ ನಾನು ಹತ್ತನೇ ಕ್ಲಾಸು. ಮೊದಲು ‘ದತ್ತ’ ಅಂತ ಬರೆದು ಗೆರೆ ಎಳೆಯಬೇಕು, ಕೆಳಗೆ ‘ಸೂತ್ರ’, ಆಮೇಲೆ ಅಂಕಿ ತುಂಬಬೇಕು. ಕೊಟ್ಟ ಅಕ್ಷರಗಳು ಯಾವುದರಲ್ಲಿ ಕೂರುತ್ತವೋ ಅದೇ ಸೂತ್ರ. ಬಿದ್ದದ್ದು ಕಲ್ಲೋ, ಓಡಿದ್ದು ಬಸ್ಸೋ, ನಮಗೇನೂ ಕಾಣುತ್ತಿರಲಿಲ್ಲ.

ಕಾಣುತ್ತಿದ್ದದ್ದು ನನ್ನ ಬೆಂಚಿನ ಕೊಟ್ರಮ್ಮನಿಗೆ. ಕುರಿ ಕಾಯುವವರ ಮಗಳು, ಬಿಳಿಚೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತು ಸಜ್ಜೆ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಳ್ಳುತ್ತಾ, ಸೂತ್ರ ಬಾಯಿಪಾಠ ಮಾಡುತ್ತಿದ್ದ ನನ್ನನ್ನು ನೋಡಿ ನಗುತ್ತಿದ್ದಳು.

“ಯಾಕೆ ಹಂಗೆ ಒದ್ದಾಡ್ತೀಯೇ? ಬಾವಿಗೆ ಕಲ್ಲು ಬಿಟ್ಟೆ ಅಂದ್ಕೊ. ಒಂದು ಸೆಕೆಂಡಿಗೆ ಅದರ ವೇಗ ಸೊನ್ನೆಯಿಂದ ಹತ್ತಕ್ಕೆ ಏರ್ತೈತೆ. ಸರಾಸರಿ ಐದು, ಐದು ಮೀಟರ್ ಇಳೀತು. ಎರಡನೇ ಸೆಕೆಂಡಿಗೆ ಹತ್ತರಿಂದ ಇಪ್ಪತ್ತು, ಹದಿನೈದು ಮೀಟರ್. ಒಟ್ಟು ಎಷ್ಟಾತು?”

“ಇಪ್ಪತ್ತು.”

“ಮತ್ತೆ? ಸೂತ್ರ ಯಾಕೆ ಬೇಕು?”

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಥದೇ ಬಾವಿ ಬಂತು, ಮೂರು ಸೆಕೆಂಡು. ಸೂತ್ರದಲ್ಲಿ ಅರ್ಧ ಇತ್ತೋ ಇಲ್ಲವೋ, ನನಗೆ ಮರೆತೇಹೋಯಿತು. ತೊಂಬತ್ತು ಮೀಟರ್ ಬಂತು. ಯಾಕೋ ಅನುಮಾನವಾಗಿ ಪಕ್ಕಕ್ಕೆ ಕಣ್ಣು ಹಾಯಿಸಿದೆ. ಕೊಟ್ರಮ್ಮನ ಹಾಳೆಯಲ್ಲಿ ಪುಟ್ಟ ಬಾವಿಯ ಚಿತ್ರ, ಪಕ್ಕದಲ್ಲಿ ಐದು, ಹದಿನೈದು, ಇಪ್ಪತ್ತೈದು, ಕೆಳಗೆ ನಲವತ್ತೈದು. ನನ್ನ ಸೂತ್ರಕ್ಕೆ ತೆಪ್ಪಗೆ ಅರ್ಧ ಸೇರಿಸಿದೆ.

ಉತ್ತರಪತ್ರಿಕೆ ಕೊಡುವ ದಿನ ಮೇಷ್ಟ್ರು ಅವಳನ್ನು ಎಬ್ಬಿಸಿ ನಿಲ್ಲಿಸಿದರು.

“ಸೂತ್ರ ಇಲ್ಲ, ಏನಿಲ್ಲ. ಉತ್ತರ ಎಲ್ಲಿಂದ ಬಂತು? ಪಕ್ಕದೋಳನ್ನ ನೋಡಿ ಬರ್ದಿದೀಯಾ?”

“ಇಲ್ಲ ಸಾ, ಮೊದಲ್ನೇ ಸೆಕೆಂಡಿಗೆ...”

“ಕಥೆ ಕಟ್ಟಬ್ಯಾಡ. ಕೂತ್ಕೊ.”

ಕೊಟ್ರಮ್ಮ ನನ್ನ ಕಡೆ ನೋಡಿದಳು. ನೋಡಿ ಬರೆದವಳು ನಾನು ಸಾ, ಅನ್ನಬೇಕಿತ್ತು. ಬೆರಳಿಗಂಟಿದ ಶಾಯಿ ಉಜ್ಜುತ್ತಾ ಕೂತೆ. ಅವಳ ಬಾವಿಯ ಮೇಲೆ ಕೆಂಪು ಗೀಟು, ಸೊನ್ನೆ. ನನಗೆ ಪೂರ್ತಿ ಅಂಕ.

ಅವಳು ಜಗಳವಾಡಲಿಲ್ಲ. ಮಾರನೇ ದಿನವೂ ರೊಟ್ಟಿ ಮುರಿದು ಕೊಟ್ಟಳು. ಆದರೆ ಅಂದಿನಿಂದ ಅವಳೂ ಮೊದಲು ‘ದತ್ತ’ ಅಂತ ಬರೆದು ಗೆರೆ ಎಳೆಯತೊಡಗಿದಳು, ಚಿತ್ರ ಬಿಡಿಸುವುದನ್ನು ಬಿಟ್ಟಳು. ಸೂತ್ರಗಳು ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಒಂದಕ್ಕೊಂದು ಕಲಸಿಹೋಗುತ್ತಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ಹೇಗೋ ಪಾಸಾದಳು. ಓದು ಅಲ್ಲಿಗೇ ನಿಂತಿತು. ನಾನು ಕಾಲೇಜು ಮುಗಿಸಿ ಟೀಚರಾದೆ.

ಎಷ್ಟೋ ವರ್ಷದ ಮೇಲೆ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೈ ಹಿಡಿದುಕೊಂಡು ಅವತ್ತಿನದನ್ನೆಲ್ಲ ಹೇಳಿ, ತಪ್ಪಾಯಿತು ಅಂದೆ.

“ಯಾವ ಬಾವಿನೇ? ನೆನಪೇ ಇಲ್ಲ ನೋಡು. ಲೆಕ್ಕ ಅಂದ್ರೆ ನಂಗೆ ಮೊದಲಿಂದ್ಲೂ ತಲೆಗೆ ಹತ್ತುತಿರ್ಲಿಲ್ಲ. ನೀನು ಜಾಣೆ, ಓದಿದೆ.”

ನನ್ನನ್ನು ಸಮಾಧಾನಪಡಿಸಲು ಹಾಗೆಂದಳೇನೋ ಎಂದು ಅವಳ ಮುಖ ನೋಡಿದೆ. ಇಲ್ಲ, ಕೊಟ್ರಮ್ಮ ಅದನ್ನು ನಿಜವೆಂದೇ ನಂಬಿದ್ದಳು.