ಮಿನೆ ಅಕ್ಕನ ಕ್ಷಮಾಪತ್ರದ ಕೊನೆಯ ಸಾಲು

ಸಕಾಯ್ ಊರಿನ ನಮ್ಮ ಬಸ್ ಡಿಪೋದಲ್ಲಿ ಮಿನೆ ಅಕ್ಕನಷ್ಟು ಕ್ಷಮಾಪತ್ರ ಬರೆದವರು ಇನ್ನೊಬ್ಬರಿಲ್ಲ. ಬರೆದಳು ಎಂದೆನೆ? ಸುಳ್ಳು. ಯಾರೋ ತಮಾಷೆಗೆ ಮಾಡಿಟ್ಟ ಅಂತರ್ಜಾಲ ತಾಣವೊಂದಿದೆ. ಕಾರಣವೇನು, ಪಶ್ಚಾತ್ತಾಪ ಎಷ್ಟು ಆಳ ಎಂದು ಆರಿಸಿ ಒತ್ತಿದರೆ ಪತ್ರ ಸಿದ್ಧ. ಮೊಣಕಾಲುದ್ದ, ಕುತ್ತಿಗೆಯುದ್ದ, ಸಮುದ್ರದ ತಳ. ಅಕ್ಕನದು ಯಾವಾಗಲೂ ಸಮುದ್ರದ ತಳವೇ. ನಮ್ಮಲ್ಲಿ ಕ್ಷಮೆ ಕೈಬರಹದಲ್ಲೇ ಇರಬೇಕು, ಹಾಗಾಗಿ ಮುದ್ದಾಗಿ ನಕಲಿಳಿಸಿ ಕೊಡುತ್ತಿದ್ದಳು. ಅಕ್ಷರ ದುಂಡಗಿದ್ದರೆ ಸಾಕು, ಒಳಗಿನದನ್ನು ಯಾವ ಪುಣ್ಯಾತ್ಮ ಓದುತ್ತಾನೆ?

ಟೋಪಿ ಮರೆತದ್ದಕ್ಕೆ ಬರೆದಳು, ನಿಲ್ದಾಣದ ಹೆಸರು ಕೂಗುವ ಮೈಕಿನಲ್ಲಿ ಸೀನಿದ್ದಕ್ಕೂ ಬರೆದಳು. ಆದರೆ ಈ ಮೇ ತಿಂಗಳಲ್ಲಿ ಈರುಳ್ಳಿ ಸೊಪ್ಪಿನ ಚೀಲ ಹಿಡಿದು ಅಜ್ಜಿಯೊಬ್ಬಳು ಬಸ್ಸು ಹತ್ತಿದಳು. ಆಕೆ ಕೂರುವವರೆಗೆ ಅಕ್ಕ ಬಸ್ಸು ಕದಲಿಸಲಿಲ್ಲ. ಹಿಂದಿನ ಸೀಟಿನವನಿಗೆ ರೈಲು ತಪ್ಪಿತಂತೆ, ದೂರು ಕೊಟ್ಟ.

ಡಿಪೋ ಮುಖ್ಯಸ್ಥ ನಿಶಿವಾಕಿ ಅಕ್ಕನನ್ನು ಕರೆಸಿದ. "ಬೆಳಗಿನ ಹಾಜರಿಯಲ್ಲಿ ಎಲ್ಲರೆದುರು ಕ್ಷಮಾಪತ್ರ ಓದಿ. ಇಲ್ಲಾಂದ್ರೆ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ."

ನಮ್ಮ ಡಿಪೋದಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು ಆಕೆ. ಅದು ಹೋದರೆ ಉಳಿಯುವುದೇನು? ಅಕ್ಕ ಹೊರಬಂದಿದ್ದೇ ತಡ, ಬೆನ್ನು ಹತ್ತಿದೆ.

"ಅಕ್ಕಾ, ಹಾಳಾಗ್ಲಿ, ಫೋನ್ ತೆಗಿ, ಒತ್ತು, ಮುಗೀತು" ಎಂದೆ.

"ಟೋಪಿ ಮರ್ತಿದ್ದು ನನ್ ತಪ್ಪು ಗೊರೊ, ಬರ್ದೆ. ಇದ್ರಲ್ಲಿ ನನ್ ತಪ್ಪೇನೋ? ಅಜ್ಜಿ ಸೊಂಟ ಮುರೀಬೇಕಿತ್ತಾ?"

ಆದರೂ ಮರುದಿನ ಕಾಗದ ಹಿಡಿದು ನಿಂತಳು. "ಎಳೆಯ ಹಸಿರು ಕಣ್ಣಿಗೆ ತಂಪೆರೆಯುವ ಈ ದಿನಗಳಲ್ಲಿ ತಮ್ಮ ಕ್ಷೇಮವನ್ನು ಹಾರೈಸುತ್ತಾ, ನನ್ನ ಪಶ್ಚಾತ್ತಾಪವು ಸಮುದ್ರದ ತಳ ಮುಟ್ಟಿ, ಅಲ್ಲಿನ ಏಡಿಗಳ ಕ್ಷಮೆಯನ್ನೂ ಕೇಳಿಕೊಂಡು ಬಂದಿದೆ ಎಂದು ತಿಳಿಸುತ್ತೇನೆ." ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನಾವು ನಗು ತಡೆಯಲು ತುಟಿ ಕಚ್ಚಿ ನಿಂತೆವು. ಕೊನೆಯಲ್ಲಿ 'ಇಂಥದ್ದು ಮತ್ತೆಂದೂ ಆಗದು' ಎನ್ನುವ ಮಾತು ಬರಲೇಬೇಕು, ಅದಿಲ್ಲದೆ ಕ್ಷಮೆ ಕ್ಷಮೆಯೇ ಅಲ್ಲ. ಅಕ್ಕ ತಲೆಯೆತ್ತಿ ನಿಶಿವಾಕಿಯನ್ನೇ ನೋಡಿದಳು.

"ನಾಳೆ ಆ ಅಜ್ಜಿ ಹತ್ತಿದ್ರೆ ನಾಳೆನೂ ನಿಲ್ಲಿಸ್ತೀನಿ."

"ಬಸ್ ತೊಳೆಯೋಕೆ ಹೋಗಿ!" ನಿಶಿವಾಕಿ ಅರಚಿದ. ಅಕ್ಕ ಬ್ರಷ್ ತೆಗೆದುಕೊಂಡು ಹೋದಳು.

ಅವತ್ತು ನಾವೆಲ್ಲ ಪ್ರತಿ ನಿಲ್ದಾಣದಲ್ಲೂ ಕೊನೆಯವರು ಕೂರುವ ತನಕ ಕಾದೆವು. ದೂರುಗಳ ಸುರಿಮಳೆ. ಮಾರನೆಯ ಹಾಜರಿಯಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಕ್ಷಮಾಪತ್ರ. ನಿಶಿವಾಕಿ ಬಹುಶಃ ಮೊದಲ ಸಲ ಕೂತು ಓದಿದ.

"ಏನ್ರಯ್ಯಾ ಇದು, ಎಲ್ಲದ್ರಲ್ಲೂ ಏಡಿ?"

"ಕೊನೇ ಸಾಲು ನೋಡಿ ಸಾಹೇಬ್ರೆ" ಎಂದೆ.

ಎಲ್ಲದರಲ್ಲೂ ಅಕ್ಕನದೇ ಸಾಲು. ಹೊರಗೆ ಬಸ್ಸುಗಳು ಸಾಲಾಗಿ ನಿಂತಿದ್ದವು. ನಮ್ಮನ್ನೆಲ್ಲ ತೊಳೆಯಲು ಹಾಕಿದರೆ ಓಡಿಸುವವರಾರು, ಅವನ ಅಪ್ಪನೆ? ನಿಶಿವಾಕಿ ಕಾಗದಗಳನ್ನು ಪಕ್ಕಕ್ಕೆ ತಳ್ಳಿ ಅಕ್ಕನ ಬಸ್ಸಿನ ಕೀಲಿಕೈ ನನ್ನತ್ತ ಎಸೆದ. "ಆಯಮ್ಮನಿಗೆ ಕೊಡು."

ಅಕ್ಕ ಒದ್ದೆ ಕೈ ಒರೆಸಿಕೊಂಡು ಕೀಲಿಕೈ ತೆಗೆದುಕೊಂಡಳು.

"ಕ್ಷಮೆ ಕೇಳಿದ್ನಾ?"

"ಎಲ್ಲಿ! ಕೀಲಿಕೈ ಎಸೆದ, ಅಷ್ಟೇ."

"ಬರೆಯೋಕೆ ಗೊತ್ತಾಗ್ಲಿಲ್ಲ ಅಂದ್ರೆ ನನ್ ಫೋನ್ ಕೊಡ್ತೀನಿ ಅಂತ ಹೇಳು" ಎಂದು ಬಸ್ಸು ಹತ್ತಿದಳು.