ಕಾಂಪೌಂಡಿನ ಕೆಂಪು ಗೆರೆ

ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ರಾಜಕಾಲುವೆ ಪಕ್ಕದ ಬಾಡಿಗೆ ಮನೆ ನೋಡಲು ಹೋಗಿದ್ದೆ. ಹೋದ ಮಳೆಗಾಲದಲ್ಲಿ ನೀರು ಎಷ್ಟೆತ್ತರ ನಿಂತಿತ್ತೆಂದು ಜನಕ್ಕೆ ತಿಳಿಯಲಿ ಅಂತ ಪಾಲಿಕೆಯವರು ಕಾಂಪೌಂಡಿಗೆ ಕೆಂಪು ಗೆರೆ ಎಳೆಸುತ್ತಿದ್ದರು. ಅದು ನನ್ನ ಸೊಂಟದ ಮಟ್ಟಕ್ಕಿತ್ತು. ಪರದೇಶಗಳಲ್ಲಿ ಇಂಥ ಗೆರೆ ಪಕ್ಕ ಫೋಟೊ ತೆಗೆಸಿಕೊಂಡಿದ್ದೇನೆ, ಇಲ್ಲಿ ಗೆರೆಯಿದ್ದ ಮನೆಯೇ ಬಾಡಿಗೆಗಿತ್ತು.

"ಸ್ವಲ್ಪ ಕೆಳಗೆ ಹಾಕಪ್ಪಾ, ಇದನ್ನ ನೋಡಿದ್ರೆ ಕೆಳಗಿನ ಮನೆಗೆ ಯಾರು ಬರ್ತಾರೆ?" ಅಂದರು ಓನರ್ ಆಂಟಿ.

"ನೀರಿಗೆ ಹೇಳಿ ಆಂಟಿ," ಅಂದ ಪೇಂಟರ್.

ವಾರ ಬಿಟ್ಟು ಹೋದರೆ, ಆಂಟಿ ಇಡೀ ಗೋಡೆಗೆ ದೇವಸ್ಥಾನದ ಹಾಗೆ ಕೆಂಪು ಬಿಳಿ ಪಟ್ಟೆ ಬಳಿಸಿದ್ದರು. ಗೆರೆ ಅದರಲ್ಲಿ ಮರೆಯಾಗಿತ್ತು. ಮಕ್ಕಳನ್ನು ಕಟ್ಟಿಕೊಂಡು ಕೆಳಗಿನ ಮನೆಗೆ ಸಾಮಾನು ಇಳಿಸುತ್ತಿದ್ದ ಹುಬ್ಬಳ್ಳಿ ಕಡೆಯ ಹೆಂಗಸಿಗೆ ಗೆರೆಯ ವಿಷಯ ಹೇಳಿದೆ.

"ದೇವರ ಗ್ವಾಡಿ ಐತ್ರಿ, ಏನೂ ಆಗಂಗಿಲ್ಲ," ಅಂತ ಆಕೆ ಗೋಡೆಗೆ ಕೈಮುಗಿದರು.

ನನಗೆ ಅಷ್ಟು ಭಕ್ತಿಯಿಲ್ಲ. ಮಹಡಿ ಮನೆಗೆ ಅಡ್ವಾನ್ಸ್ ಕೊಟ್ಟು ಬಂದು, ಆಕೆಗೆ "ಮಳೆ ಜೋರಾದ್ರೆ ಮಕ್ಕಳ ಜೊತೆ ಮೇಲೆ ಬಂದ್ಬಿಡಿ, ಗೋಡೆನ ದೇವ್ರು ನೋಡ್ಕೋತಾನೆ," ಅಂದೆ.