ಬಾಲದ ಮೇಲಿನ ನೀಲಿ ಪಟ್ಟಿ

ಝೊಂಯ್ ಎಂದು ಹೊಳಪು ಕೊಡುವ ಯಂತ್ರ ತಿರುಗಲು ಶುರುವಾಯಿತೆಂದರೆ, ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವನು ಭೂತಗನ್ನಡಿ ತೆಗೆದು ತಲೆಯೆತ್ತಿ, "ಮೇಲೆ ಯಾರದೋ ನಗು ತಯಾರಾಗ್ತಿದೆ" ಎನ್ನುತ್ತಿದ್ದ. ಮಹಡಿಯ ಮೇಲಿನ ಒಂಟಿ ಕಿಟಕಿಯ ಕೋಣೆಯಲ್ಲಿ ಹಲ್ಲು ಮೇಷ್ಟ್ರು ಗುಲಾಬಿ ಒಸಡಿನ ಕಟ್ಟುಹಲ್ಲನ್ನು ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದಿರುತ್ತಿದ್ದರು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಲ್ಲಿನ ಡಾಕ್ಟರುಗಳು ಕಳಿಸಿದ ಅಚ್ಚಿಗೆ ಸರಿಯಾಗಿ ಹಲ್ಲು ಮಾಡಿಕೊಡುವುದು ಅವರ ಕಸುಬು. ಆದರೆ ಬಣ್ಣದ ಮಾತು ಬಂದರೆ ಡಾಕ್ಟರನ್ನೂ ಕೂರಿಸಿ ಪಾಠ ಮಾಡಿಬಿಡುತ್ತಿದ್ದರು. "ಬಿಳಿ ಹಲ್ಲು ಅಂತ ಭೂಮಿ ಮೇಲೆ ಇಲ್ಲವೇ ಇಲ್ಲ ಡಾಕ್ಟ್ರೇ. ಹಳದಿ ಎಷ್ಟು, ಬೂದು ಎಷ್ಟು, ಅದನ್ನ ಹೇಳಿ. ನೆನಪಲ್ಲಿ ಇಟ್ಕೊಂಡು ಬಂದು ಹೇಳ್ಬೇಡಿ. ಮಾದರಿ ಹಲ್ಲನ್ನ ಪಕ್ಕಕ್ಕೆ ಹಿಡೀರಿ, ಕಿಟಕಿ ಬೆಳಕಲ್ಲಿ ನೋಡಿ. ನೆನಪಿನಲ್ಲಿ ಬಣ್ಣ ನಿಲ್ಲೋದಿಲ್ಲ."

ಹೀಗೆ ಹೇಳುತ್ತ ಹೇಳುತ್ತ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು.

ಮನೆಗೆ ಬಂದರೆ ಇನ್ನೊಂದು ಲೋಕ. ಊಟದ ಮೇಜಿನ ಒಂದು ತುದಿ ಹೆಂಡತಿಯದು, ಇನ್ನೊಂದು ತುದಿ ವಿಮಾನಗಳದು. ಅಂಗೈ ಮೇಲೆ ಕೂರುವಂಥ ಪುಟ್ಟ ಪ್ಲಾಸ್ಟಿಕ್ ಜೆಟ್ ವಿಮಾನಗಳನ್ನು ಬಿಡಿಬಿಡಿಯಾಗಿ ತರಿಸಿ, ಅಂಟಿಸಿ, ಬಣ್ಣ ಬಳಿದು, ರೆಕ್ಕೆಯ ಮೇಲಿನ 'ಇಲ್ಲಿ ಕಾಲಿಡಬೇಡಿ' ಎಂಬ ಸಾಸಿವೆ ಕಾಳಿನಷ್ಟು ಅಕ್ಷರವನ್ನೂ ಬಿಡದೆ ಮೂಡಿಸುತ್ತಿದ್ದರು. ಒಂದು ಬೂದು ಬಣ್ಣಕ್ಕಾಗಿ ಗುಜರಿಯಿಂದ ವಿಮಾನದ ತಗಡಿನ ಚೂರು ಹುಡುಕಿ ತಂದು, ಅದರ ಪಕ್ಕಕ್ಕೆ ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಬಳಿದ ಬಣ್ಣವನ್ನು ಹಿಡಿದು, ಎರಡರ ನಡುವಿನ ಗೆರೆ ಮಾಯವಾಗುವ ತನಕ ಕಲಸುತ್ತಿದ್ದರು.

"ವಿಮಾನದ ಮೇಲೆ ಧೂಳು ಕೂತ್ರೆ ಕುಂಚ ಬರುತ್ತೆ. ನನ್ನ ಮೇಲೆ ಕೂತ್ರೆ ಕೇಳೋರಿಲ್ಲ," ಎನ್ನುತ್ತಿದ್ದಳು ಹೆಂಡತಿ.

"ನಿನ್ನ ಬಣ್ಣ ಸರಿಯಾಗೇ ಇದೆಯಲ್ಲೇ."

"ಹೂಂ, ಒಂದು ಚಮಚಕ್ಕೆ ಬಳಿದು ಇಟ್ಕೊಳ್ಳಿ. ಮುಂದೆ ಬೇಕಾಗುತ್ತೆ."

ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತ ಆ ವಿಮಾನಗಳ ನಡುವೆ ಒಂದರ ಮುಂದೆ ಮಾತ್ರ ಹೆಂಡತಿಯೂ ತಮಾಷೆ ಮಾಡುತ್ತಿರಲಿಲ್ಲ. ಅದು ಅಣ್ಣನ ವಿಮಾನ.

ಅಣ್ಣ ಪೈಲಟ್ ಅಲ್ಲ, ವಾಯುನೆಲೆಯ ಹ್ಯಾಂಗರಿನಲ್ಲಿ ವಿಮಾನಗಳಿಗೆ ಬಣ್ಣ ಹೊಡೆಯುವವನು. ಅವನಿದ್ದ ದಳದ ವಿಮಾನಗಳ ಬಾಲಕ್ಕೆ ಒಂದು ಅಡ್ಡ ಪಟ್ಟಿ ಬೇಕಾಗಿತ್ತು. ಉಗ್ರಾಣದಲ್ಲಿದ್ದ ನೀಲಿ ಸಾಲದೆ, ಡಬ್ಬಿಗಳ ತಳದಲ್ಲಿ ಉಳಿದಿದ್ದನ್ನೆಲ್ಲ ಒಂದಕ್ಕೆ ಸುರಿದು ಅಣ್ಣ ತನ್ನದೇ ಒಂದು ನೀಲಿ ಮಾಡಿದ. ಮೇಲಧಿಕಾರಿ ನೋಡಿ, ಇದೇ ಇರಲಿ ಎಂದುಬಿಟ್ಟರು. ಬಣ್ಣಗಳ ಯಾವ ಕೈಪಿಡಿಯಲ್ಲೂ ಆ ನೀಲಿಗೆ ಸಂಖ್ಯೆ ಇರಲಿಲ್ಲ. ಮುಂದೆ ದಳವನ್ನೇ ಮುಚ್ಚಿದರು. ಬಣ್ಣದ ಮಂಜನ್ನು ಉಸಿರಾಡಿ ಉಸಿರಾಡಿ ಎದೆ ಕೆಟ್ಟು, ತಲೆ ನರೆಯುವ ಮೊದಲೇ ಅಣ್ಣ ಹೋದ. ಮಕ್ಕಳಿರಲಿಲ್ಲ. ಪೈಲಟ್ಟನ ಹೆಸರನ್ನು ವಿಮಾನದ ಕಿಟಕಿಯ ಕೆಳಗೆ ಬರೆಯುತ್ತಾರೆ, ಬರೆದವನ ಹೆಸರನ್ನು ಯಾರೂ ಎಲ್ಲಿಯೂ ಬರೆಯುವುದಿಲ್ಲ. ಅಣ್ಣ ಈ ಭೂಮಿಯ ಮೇಲೆ ಇದ್ದ ಎನ್ನುವುದಕ್ಕೆ ಆ ನೀಲಿಯೊಂದೇ ಗುರುತು ಎಂದು ಮೇಷ್ಟ್ರು ನಂಬಿದ್ದರು.

ಅದನ್ನು ಮೇಷ್ಟ್ರು ನೋಡಿದ್ದು ಒಂದೇ ಸಲ. ಮನೆಯವರನ್ನು ನೆಲೆಯೊಳಕ್ಕೆ ಬಿಡುವ ದಿನ, ಮೀಸೆ ಚಿಗುರುವ ವಯಸ್ಸಿನಲ್ಲಿ. ಅಣ್ಣ ಅವರನ್ನು ಏಣಿ ಹತ್ತಿಸಿ, "ಮುಟ್ಟಿ ನೋಡೋ" ಎಂದಿದ್ದ. ಬಿಸಿಲಿಗೆ ಕಾದ ತಗಡು ಅಂಗೈಯನ್ನು ಚುರುಕ್ಕೆನಿಸಿತ್ತು.

ಆಮೇಲೆ ಬದುಕಿನುದ್ದಕ್ಕೂ ಅದನ್ನು ಹುಡುಕಿದರು. ಸಿಕ್ಕಿದ ಚಿತ್ರಗಳೆಲ್ಲ ಕಪ್ಪುಬಿಳುಪು. ಅದರಲ್ಲಿ ಅಣ್ಣ ಬರೆದ ಅಂಕಿಗಳು ಕಂಡವು. ಅವನ ನಾಲ್ಕರ ತಲೆ ಯಾವಾಗಲೂ ಬಾಯಿ ತೆರೆದುಕೊಂಡಿರುತ್ತಿತ್ತು, ಅದನ್ನು ಹಾಗೆಯೇ ಮಾಡಿಕೊಂಡರು. ಪಟ್ಟಿ ಮಾತ್ರ ಬರೀ ಬೂದು. ಅಣ್ಣನ ಜೊತೆ ದುಡಿದು ನಿವೃತ್ತರಾದವರನ್ನು ಪತ್ತೆ ಮಾಡಿ ಫೋನಿನಲ್ಲಿ ಕೇಳಿದರು. ಒಬ್ಬರು ಶಾಯಿಯ ಹಾಗಿತ್ತು ಎಂದರು. ಇನ್ನೊಬ್ಬರು ನವಿಲಿನ ಕತ್ತು ಎಂದರು. ಮತ್ತೊಬ್ಬರು, "ನೀಲಿ ಅಂದ್ರೆ ನೀಲಿ ಕಣ್ರೀ, ಅದರಲ್ಲೇನು ಕೇಳೋದು?" ಎಂದು ತಮ್ಮ ಮಂಡಿನೋವಿನ ಕಥೆ ತೆಗೆದರು.

ಒಂದು ತಾಂತ್ರಿಕ ವಿದ್ಯಾಲಯದ ಮುಂದೆ ಕಂಬಕ್ಕೇರಿಸಿ ನಿಲ್ಲಿಸಿದ ಹಳೆಯ ವಿಮಾನ ಅದೇ ದಳದ್ದೆಂದು ಗೊತ್ತಾದಾಗ ಏಣಿ ಹೊತ್ತುಕೊಂಡು ಹೋದರು. ಕಾವಲುಗಾರ ದೊಣ್ಣೆ ಹಿಡಿದು ಕೆಳಗೆ ನಿಂತ.

"ಯಜಮಾನ್ರೇ, ಹಾರಿಸ್ಕೊಂಡು ಹೋಗೋ ಯೋಚನೆ ಇಲ್ಲ ತಾನೇ?"

"ಬಾಲದ ಹತ್ತಿರ ಒಂದು ಚೂರು ಕೆರೆದು ಬಣ್ಣ ನೋಡ್ಬೇಕಪ್ಪಾ, ಅಷ್ಟೇ."

"ನೋಡೋಕೆ ಕೆರೀಬೇಕಾ? ಇಲ್ಲಿಂದಾನೇ ಕಾಣ್ತದಲ್ಲ. ಬಿಳಿ."

ಬಿಳಿಯ ಕೆಳಗೆ ಬರೀ ತಗಡಿತ್ತು. ದಳ ಮುಚ್ಚಿದಾಗ ಹಳೆಯ ಬಣ್ಣವನ್ನು ಪೂರ್ತಿ ಕೆರೆದು ತೆಗೆದೇ ಹೊಸದು ಹೊಡೆದಿದ್ದರು. ಏಣಿ ಇಳಿಯುತ್ತ ಮೇಷ್ಟ್ರು, "ಒಳ್ಳೇ ಕೆಲಸಗಾರರು. ಸೋಮಾರಿಗಳಾಗಿದ್ರೆ ನನಗೆ ಸಿಗ್ತಿತ್ತು" ಎಂದರು. ಕಾವಲುಗಾರನಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

ಕೊನೆಗೆ ಬೇರೆ ದಾರಿಯಿಲ್ಲದೆ, ತಾವೇ ಬೇಡ ಬೇಡ ಎಂದು ಊರಿಗೆಲ್ಲ ಸಾರಿದ್ದನ್ನು ತಾವೇ ಮಾಡಿದರು. ಕಣ್ಣು ಮುಚ್ಚಿ, ಕಾದ ತಗಡಿನ ಮೇಲಿನ ಅಂಗೈಯನ್ನು ನೆನೆದು, ನೆನಪಿನಿಂದ ಬಣ್ಣ ಕಲಸಿದರು. ನೀಲಿ ಸಾಲದೆನಿಸಿತು, ಇನ್ನಷ್ಟು ಹಾಕಿದರು. ಮತ್ತೂ ಸಾಲದೆನಿಸಿತು. ಒಂದು ಹೊತ್ತಿನಲ್ಲಿ ಕುಂಚ ಕೆಳಗಿಟ್ಟರು: ಇದೇ! ಅತ್ತಿಗೆಯನ್ನು ಕರೆಸಿ ತೋರಿಸಿದರು. ಆಕೆ ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಪುಟ್ಟಾ" ಎಂದರು. ಅಂದಿನಿಂದ ಮೇಷ್ಟ್ರಿಗೆ ಅಣ್ಣ ಮನೆಯಲ್ಲೇ ಇದ್ದಂತಾಗಿತ್ತು. ಕೆಲಸಕ್ಕೆ ಹೊರಡುವ ಮುಂಚೆ ಬೀರುವಿನ ಮುಂದೆ ಒಂದು ಗಳಿಗೆ ನಿಂತೇ ಹೋಗುತ್ತಿದ್ದರು.

ಈ ವರ್ಷ ಕಣ್ಣಿಗೆ ಪೊರೆ ಬಂದಿದೆ ಎಂದರು. ಮೊದಲು ಬಲಗಣ್ಣಿನ ಪೊರೆ ತೆಗೆಸಿ, ಎಡಗಣ್ಣಿನದು ಆಮೇಲೆ ಎಂದಾಯಿತು. ಕಣ್ಣಿನ ಕಟ್ಟು ಬಿಚ್ಚಿದ ಡಾಕ್ಟರಮ್ಮ ನಗುತ್ತ, "ನಿಮ್ಮ ಹಳೇ ಮಸೂರ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ಇಷ್ಟು ವರ್ಷ ಚಹಾದೊಳಗಿಂದ ಲೋಕ ನೋಡಿದ್ದೀರಿ" ಎಂದಳು.

"ಚಹಾ ಅಂದ್ರೆ... ಹಳದಿಯಾ?"

"ಹೌದು. ಮೊದಲು ಕೈಕೊಡೋದೇ ನೀಲಿ. ನಿಧಾನಕ್ಕೆ ಆಗೋದ್ರಿಂದ ಯಾರಿಗೂ ಗೊತ್ತಾಗಲ್ಲ."

ಆಕೆ ಸಮಾಧಾನಕ್ಕೆ ಹೇಳಿದ ಮಾತು. ಮೇಷ್ಟ್ರು ಮನೆಗೆ ಬಂದವರೇ ಚಪ್ಪಲಿ ಬಿಡದೆ ಬೀರುವಿನ ಮುಂದೆ ಹೋಗಿ ನಿಂತರು.

ಉಳಿದ ವಿಮಾನಗಳೆಲ್ಲ ಸರಿಯಾಗಿದ್ದವು. ಅಲ್ಲಿ ತಗಡಿನ ಚೂರನ್ನೂ ಕಲಸಿದ ಬಣ್ಣವನ್ನೂ ಅದೇ ಮಸುಕು ಕಣ್ಣು ನೋಡಿತ್ತು. ತಪ್ಪು ಎರಡು ಕಡೆಗೂ ಸಮವಾಗಿ ಬಿದ್ದು ಕಳೆದುಹೋಗಿತ್ತು. ಹಲ್ಲುಗಳೂ ಅದಕ್ಕೇ ಸರಿಹೋಗಿದ್ದವು. ಅಣ್ಣನ ವಿಮಾನದಲ್ಲಿ ಮಾತ್ರ ನೆನಪು ಎಳೆಯ ಕಣ್ಣಿನದು, ಕಲಸಿದ್ದು ಮುದಿ ಕಣ್ಣು. ಬಾಲದ ಪಟ್ಟಿ ಅಗ್ಗದ ಪ್ಲಾಸ್ಟಿಕ್ ಬಕೀಟಿನಂತೆ ಕಣ್ಣಿಗೆ ರಾಚುತ್ತಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರು: ಅಣ್ಣನ ನೀಲಿ. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ: ಬಕೀಟು.

"ಏನ್ರೀ ಅದು, ವಿಮಾನಕ್ಕೆ ಕಣ್ಣು ಹೊಡೀತಾ ನಿಂತಿದ್ದೀರಾ?" ಎಂದು ನಗುತ್ತ ಬಂದ ಹೆಂಡತಿ, ಮುಖ ನೋಡಿ ಅಲ್ಲೇ ನಿಂತಳು.

ಅಣ್ಣನ ನೀಲಿ ಈಗ ಇಡೀ ಲೋಕದಲ್ಲಿ ಒಂದೇ ಕಡೆ ಉಳಿದಿತ್ತು, ಅವರ ಕೆಟ್ಟ ಕಣ್ಣಿನಲ್ಲಿ. ಅದಕ್ಕೂ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. ಅದರೊಳಗೆ ಹಿಡಿಯಬೇಕು. ಎಡಗಣ್ಣಿನಲ್ಲಿ ವಿಮಾನ ನೋಡುತ್ತ, ಬಲಗಣ್ಣಿನಲ್ಲಿ ಚಮಚ ನೋಡುತ್ತ, ಹೊಸದಾಗಿ ಕಲಸತೊಡಗಿದರು. ಬೆಳಿಗ್ಗೆ ಸರಿಯೆನಿಸಿದ್ದು ಮಧ್ಯಾಹ್ನ ಸುಳ್ಳೆನಿಸಿತು. ದಿನಕ್ಕೊಂದು ನೀಲಿ ಹುಟ್ಟಿತು, ಒಂದಕ್ಕೊಂದು ನೆಂಟಸ್ತಿಕೆಯಿಲ್ಲ. ಇನ್ನೂ ಭಯವಾದದ್ದು ಬೇರೆ. ಕಣ್ಣು ಮುಚ್ಚಿ ಏಣಿಯ ಮೇಲಿನ ಆ ದಿನವನ್ನು ಕರೆದರೆ ಈಗ ಬಿಸಿಲಿನ ವಾಯುನೆಲೆ ಬರುತ್ತಿರಲಿಲ್ಲ, ಬೀರು ಬರುತ್ತಿತ್ತು. ಇಷ್ಟು ವರ್ಷ ತಪ್ಪು ಪಟ್ಟಿಯನ್ನು ನೋಡಿ ನೋಡಿ, ಅದು ನಿಜವಾದ ಪಟ್ಟಿಯ ಜಾಗದಲ್ಲಿ ಕೂತುಬಿಟ್ಟಿತ್ತು.

ಆ ಬಣ್ಣವನ್ನು ನೋಡಿದವರಲ್ಲಿ ಇನ್ನು ಕೇಳಲು ಉಳಿದಿದ್ದ ಒಂದು ಜೊತೆ ಕಣ್ಣು ಅತ್ತಿಗೆಯದು. ಮೇಷ್ಟ್ರು ಚಮಚಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು.

ಟೆಲಿಫೋನ್ ಕಚೇರಿಯಲ್ಲಿ ಗಂಟಲು ಸವೆಸಿ ನಿವೃತ್ತರಾದ ಅತ್ತಿಗೆ, ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ತಂಗಿಯ ಜೊತೆ ಇದ್ದರು. ತಂಗಿ ಸಾಮಾನು ತರಲು ಹೋಗಿದ್ದಳು. ಅತ್ತಿಗೆ ಅಡುಗೆಮನೆಯ ಕಟ್ಟೆಯ ಪಕ್ಕ ಕಬ್ಬಿಣದ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಬಾ ಪುಟ್ಟಾ. ಕಣ್ಣು ಹೇಗಿದೆ? ನಾನು ಎಷ್ಟು ಮುದುಕಿ ಅಂತ ಈಗ ಗೊತ್ತಾಗ್ತಿರಬೇಕು ನಿಂಗೆ."

ಮೇಷ್ಟ್ರು ಕಿಟಕಿಯ ಕಟ್ಟೆಯ ಮೇಲೆ ಚಮಚಗಳನ್ನು ಸಾಲಾಗಿ ಜೋಡಿಸಿದರು. "ಅತ್ತಿಗೆ, ನಾನು ಮಾಡಿದ ವಿಮಾನದ ಪಟ್ಟಿ ತಪ್ಪು."

ಅತ್ತಿಗೆ ಬೆಳ್ಳುಳ್ಳಿಯನ್ನು ಕೆಳಗಿಟ್ಟರು. "ಗೊತ್ತು."

"ಗೊತ್ತಿತ್ತಾ? ಅವತ್ತು ಚೆನ್ನಾಗಿದೆ ಅಂದ್ರಿ."

"ಚೆನ್ನಾಗೇ ಇತ್ತಲ್ಲ. ನಿನ್ನ ಮುಖ ಹೇಗಿತ್ತು ಗೊತ್ತಾ ಅವತ್ತು? ಪರೀಕ್ಷೆ ಪಾಸಾದ ಹುಡುಗನ ಹಾಗೆ. ಅಲ್ಲ ಅಂತ ಹೇಗೆ ಹೇಳ್ಲಿ?"

"ಈಗ ಹೇಳಿ. ಇದರಲ್ಲಿ ಯಾವುದು? ಯಾವುದಕ್ಕೆ ಹತ್ತಿರ?"

ಅತ್ತಿಗೆ ಚಮಚಗಳ ಕಡೆ ನೋಡಲಿಲ್ಲ. ತಾವು ಕೂತಿದ್ದ ಸ್ಟೂಲಿನ ಅಂಚನ್ನು ಬೆರಳಿನಿಂದ ಸವರಿದರು. "ಇದರ ಮೇಲಿತ್ತಲ್ಲೋ. ನಮ್ಮ ಮದುವೆಯಾದ ವರ್ಷ ನಿಮ್ಮಣ್ಣ ಡಬ್ಬಿಯಲ್ಲಿ ಉಳಿದಿದ್ದನ್ನ ತಂದು ಇದಕ್ಕೇ ಬಳಿದಿದ್ದ."

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಸ್ಟೂಲು ಕೆನೆಬಣ್ಣದ್ದು. ಆ ಕೆನೆಬಣ್ಣ ಬಳಿದವರು ಅವರೇ. ಅಣ್ಣ ಹೋಗಿ ಎಷ್ಟೋ ವರ್ಷಗಳ ಮೇಲೆ, ವಿಮಾನ ಮಾಡುವುದಕ್ಕೂ ಮುಂಚೆ, ಅತ್ತಿಗೆ ಈ ಮನೆಗೆ ಬಂದಾಗ.

"ಅದು ಹಸಿರಿತ್ತಲ್ಲ ಅತ್ತಿಗೆ. ಕೊಳಕು ಹಸಿರು. ಜಿಡ್ಡು ಹಿಡಿದ..."

"ಹಸಿರಲ್ಲ ಪುಟ್ಟಾ. ಜಿಡ್ಡು ಹೌದು. ಅಡುಗೆಮನೆ ಸ್ಟೂಲಲ್ಲವಾ."

ಮೇಲೆ ಜಿಡ್ಡಿನ ಹಳದಿ, ಒಳಗೆ ಆಗಲೇ ಇಳಿಯುತ್ತಿದ್ದ ಕಣ್ಣಿನ ಹಳದಿ. ಅಣ್ಣನ ನೀಲಿ ಎದುರಿಗೇ ನಿಂತಿದ್ದಾಗ ಅದನ್ನು ಕೊಳಕು ಹಸಿರು ಎಂದಿದ್ದರು. ಎರಡು ತೊಡೆಗಳ ನಡುವೆ ಇಟ್ಟುಕೊಂಡು ಮರಳು ಕಾಗದದಿಂದ ಉಜ್ಜಿ ತೆಗೆದಿದ್ದರು.

"ಹೇಳಬಾರದಿತ್ತಾ ಅತ್ತಿಗೆ? ಒಂದು ಮಾತು?"

"ನಿನಗೆ ಗೊತ್ತಿದೆ ಅಂತಲೇ ಅಂದ್ಕೊಂಡೆ ಕಣೋ. ದಿನಾ ಕಣ್ಣೆದುರು ಇದ್ರೆ ನನಗೆ ಸಂಕಟ ಅಂತ, ನಾನು ಮರೀಲಿ ಅಂತ ತೆಗೀತಿದ್ದಾನೆ ಅಂದ್ಕೊಂಡೆ. ಅಷ್ಟು ಪ್ರೀತಿಯಿಂದ ಕೂತು ಉಜ್ಜುತ್ತಿದ್ದೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

"ಏಳಿ ಅತ್ತಿಗೆ. ಒಂದು ನಿಮಿಷ ಏಳಿ."

ಸ್ಟೂಲನ್ನು ಕಿಟಕಿಯ ಬೆಳಕಿಗೆ ತಂದು ತಲೆಕೆಳಗು ಮಾಡಿದರು. ಜೇಬಿನ ಚಿಕ್ಕ ಚೂರಿಯಿಂದ ಕೂರುವ ತಗಡಿನ ತಳಭಾಗವನ್ನು ಕೆರೆದರು. ಕೆನೆ, ಅದರ ಕೆಳಗೆ ತುಕ್ಕು ತಡೆಯುವ ಕೆಂಪು, ಅದರ ಕೆಳಗೆ ಹೊಳೆಯುವ ಕಬ್ಬಿಣ. ಕಾಲು ಬೆಸೆದ ಸಂದಿಯಲ್ಲಿ ಕೆರೆದರು, ಕೆಂಪು ಮತ್ತು ಕಬ್ಬಿಣ. ಯಾವ ಪೇಂಟರೂ ಉಜ್ಜದ ಜಾಗವೆಂದರೆ ಕಾಲಿನ ರಬ್ಬರ್ ಟೊಪ್ಪಿಯ ಒಳಗೆ. ಟೊಪ್ಪಿಯನ್ನು ಕಿತ್ತರು. ಅಲ್ಲಿಯೂ ಅವರದೇ ಕೆನೆಬಣ್ಣ, ಒಂದು ಗುಳ್ಳೆಯಿಲ್ಲದೆ, ಒಂದು ಕುಂಚದ ಗೆರೆಯಿಲ್ಲದೆ ಕೂತಿತ್ತು. ಕೆರೆದರೆ ಅದೇ ಕೆಂಪು, ಅದೇ ಕಬ್ಬಿಣ. ನಾಲ್ಕು ಕಾಲಿನಲ್ಲೂ ಹಾಗೇ. ಬೇರೆ ಯಾರೇ ಆಗಿದ್ದರೂ ಮೇಲೆ ಮೇಲೆ ಸಾರಿಸಿ ಹೋಗಿರುತ್ತಿದ್ದರು. ಸೋಮಾರಿಯೊಬ್ಬನ ಕೈಗೆ ಸಿಕ್ಕಿದ್ದರೆ ಅಣ್ಣ ಇವತ್ತು ಇದರ ಕೆಳಗೆ ಬೆಚ್ಚಗೆ ಮಲಗಿರುತ್ತಿದ್ದ.

ಆ ದಿನ ಸ್ಟೂಲು ಉಜ್ಜಿದ ಪುಡಿಯನ್ನು ಕಾಗದದ ಮೇಲೆ ಒಟ್ಟುಮಾಡಿ, ನೆಲ ಗಲೀಜಾಗಬಾರದೆಂದು ತಾವೇ ಕೆಳಗಿಳಿದು ಹೋಗಿ ಕಸದ ತೊಟ್ಟಿಗೆ ಕೊಡವಿ ಬಂದದ್ದು ನೆನಪಾಯಿತು. ಆ ನೆನಪು ಮಾತ್ರ ಸ್ವಲ್ಪವೂ ಮಾಸಿರಲಿಲ್ಲ.

"ಬಿಡೋ ಪುಟ್ಟಾ, ಹೋಗ್ಲಿ," ಎಂದರು ಅತ್ತಿಗೆ. ತಲೆಕೆಳಗಾದ ಸ್ಟೂಲಿನ ಪಕ್ಕ ನಿಂತೇ ಇದ್ದರು. ಎಲ್ಲಿ ಕೂರಬೇಕೆಂದು ತಿಳಿಯದವರ ಹಾಗೆ. "ನನಗೆ ಚೆನ್ನಾಗಿ ನೆನಪಿದೆ, ನಾನು ಹೇಳ್ತೀನಿ, ನೀನು ಕಲಸು. ಅದು ಹೇಗಿತ್ತು ಅಂದ್ರೆ... ಮಳೆ ನಿಂತ ಮೇಲೆ... ಅಲ್ಲ, ಅದು ಜಾಸ್ತಿ ತಿಳಿ. ತಡಿ. ನಂದೊಂದು ಸೀರೆಯಿತ್ತು, ನೀನು ನೋಡಿಲ್ಲ ಬಿಡು..."

ಮೇಷ್ಟ್ರು ರಬ್ಬರ್ ಟೊಪ್ಪಿಗಳನ್ನು ಒಂದೊಂದಾಗಿ ಕಾಲಿಗೆ ಹಾಕಿದರು. ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ, ಅಲುಗಾಡುತ್ತದೋ ಎಂದು ಕೈಯಿಟ್ಟು ನೋಡಿದರು. ಶಾಯಿ, ನವಿಲಿನ ಕತ್ತು, ಈಗ ಸೀರೆ. ಅತ್ತಿಗೆಯ ಮುಖ ನೋಡಲಾಗದೆ ಬಾಗಿಲ ಕಡೆ ತಿರುಗಿ ಚಪ್ಪಲಿ ಮೆಟ್ಟಿದರು.

"ಎಲ್ಲಿಗೋ? ಚಮಚ ಬಿಟ್ಟೆ! ಪುಟ್ಟಾ, ಕೇಳಿಲ್ಲಿ, ಬೂದು ಸ್ವಲ್ಪ ಮುಂದಿತ್ತು, ಬೂದು ಬಣ್ಣದ ಒಳಗಿಂದ ನೀಲಿ ಎದ್ದು ಬರ್ತಿತ್ತು. ಕತ್ತಲೆ ನೀಲಿಯಲ್ಲ..."

ಟೆಲಿಫೋನಿನಲ್ಲಿ ಪಳಗಿದ ಆ ದನಿ ಮೆಟ್ಟಿಲ ಮೇಲೆಲ್ಲ ಸ್ಪಷ್ಟವಾಗಿ ಹಿಂದೆಯೇ ಇಳಿದು ಬಂತು. ಮೇಷ್ಟ್ರು ನಿಲ್ಲಲಿಲ್ಲ. ಒಂದು ಕೈಯಿಂದ ಗೋಡೆ ಹಿಡಿದು, ಪೊರೆಯಿದ್ದ ಎಡಗಣ್ಣೊಂದನ್ನೇ ತೆರೆದು, ಚಹಾ ಬಣ್ಣದ ಮೆಟ್ಟಿಲುಗಳನ್ನು ಇಳಿಯುತ್ತ ಹೋದರು.